ಗದ್ದಲದ ಹೋಟೆಲಿನಲ್ಲಿ ನಮಗೂ ಮಾತು ಸಿಗಲಿ: ಕಿವಿಗೆ ಮಷೀನು ಹಾಕಿಕೊಂಡವರ ಹಕ್ಕೊತ್ತಾಯ ಪತ್ರ

ಬೆಂಗಳೂರು, ಮೈಸೂರು ಮೊದಲಾದ ಊರುಗಳ ಹೋಟೆಲ್ ಮಾಲೀಕರಿಗೆ, ಹೋಟೆಲುಗಳ ನಕ್ಷೆ ಬರೆಯುವ ಆರ್ಕಿಟೆಕ್ಟರಿಗೆ, ಶ್ರವಣ ಸಾಧನ ಮಾರುವವರಿಗೆ, ಆಡಿಯಾಲಜಿಸ್ಟರಿಗೆ, ರಾಜ್ಯ ಸರ್ಕಾರಕ್ಕೆ ಮತ್ತು ನಮ್ಮ ನಮ್ಮ ಮನೆಯವರಿಗೆ,

ನಾವು ಕಿವಿಗೆ ಮಷೀನು ಹಾಕಿಕೊಂಡು ಬದುಕುವವರು. ಸರ್ಕಾರದ ಕಾಗದದಲ್ಲಿ ಅದು ಶ್ರವಣ ಸಾಧನ, ಆಸ್ಪತ್ರೆಯಲ್ಲಿ ಹಿಯರಿಂಗ್ ಏಡ್, ಮನೆಯಲ್ಲಿ ಎಲ್ಲರ ಬಾಯಲ್ಲೂ ಮಷೀನು. ನಮ್ಮಲ್ಲಿ ವಯಸ್ಸಾಗಿ ಕಿವಿ ಮಂದವಾದವರಿದ್ದಾರೆ, ಹುಟ್ಟಿನಿಂದಲೇ ಹೀಗಿರುವವರಿದ್ದಾರೆ, ಲೇತು, ಪ್ರೆಸ್ಸು, ಮಗ್ಗಗಳ ಸದ್ದಿನಲ್ಲಿ ಮೂವತ್ತು ವರ್ಷ ದುಡಿದು ಕಿವಿ ಕಳೆದುಕೊಂಡವರಿದ್ದಾರೆ. ಮನೆಯ ಹಜಾರದಲ್ಲಿ ಎದುರು ಕೂತು ಒಬ್ಬರು ಮಾತಾಡಿದರೆ ನಮಗೆ ಸಾಕಷ್ಟು ಚೆನ್ನಾಗಿಯೇ ಕೇಳಿಸುತ್ತದೆ. ಅದೇ ಮನುಷ್ಯರು ಹೋಟೆಲಿನಲ್ಲಿ ಎದುರು ಕೂತರೆ ಬಾಯಿ ಆಡುವುದು ಕಾಣುತ್ತದೆ, ಮಾತು ಸಿಗುವುದಿಲ್ಲ.

ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ನನ್ನದೊಂದು ಬೆಳಗನ್ನು ಮೊದಲು ಹೇಳಿಬಿಡುತ್ತೇನೆ. ಒಂದು ಭಾನುವಾರ ಹಳೆಯ ಸಹೋದ್ಯೋಗಿಯೊಬ್ಬರು ತಿಂಡಿಗೆ ಕರೆದರು. ಹೋಟೆಲು ಕಿಕ್ಕಿರಿದಿತ್ತು. ನಮಗೆ ಸಿಕ್ಕಿದ್ದು ಎಂಜಲು ತಟ್ಟೆ ಹಾಕುವ ಟಬ್ಬಿನ ಪಕ್ಕದ ಮೇಜು. ಅವರು ಹೇಳುತ್ತಾ ಹೋದರು, ನಾನು ತಲೆಯಾಡಿಸುತ್ತಾ ಹೋದೆ. ಮಗನ ಹೆಸರು ಕೇಳಿಸಿತು, 'ರಿಪೋರ್ಟ್ ಬಂತು' ಅಂದದ್ದು ಕೇಳಿಸಿತು. ಹುಡುಗ ಪಾಸಾಗಿರಬೇಕು ಅಂದುಕೊಂಡು ನಗುತ್ತಾ 'ತುಂಬಾ ಸಂತೋಷ ಸಾರ್' ಅಂದೆ. ಅವರು ತಟ್ಟೆಯಿಂದ ಕೈ ತೆಗೆದರು. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು ಬಿಲ್ಲಿನ ಹಿಂದೆ ಬರೆದು ನನ್ನ ಕಡೆ ತಿರುಗಿಸಿದರು. ಅದು ಅವರ ಹೆಂಡತಿಯ ಬಯಾಪ್ಸಿ ರಿಪೋರ್ಟು. ರಿಪೋರ್ಟು ತಂದವನು ಮಗ. ಅವರು ತಪ್ಪು ತಿಳಿಯಲಿಲ್ಲ, ಆದರೆ ಆ ಬಿಲ್ಲು ಇವತ್ತಿಗೂ ನನ್ನ ಡೈರಿಯಲ್ಲಿದೆ.

'ಮಷೀನು ಹಾಕಿದ್ದೀರಲ್ಲ, ಇನ್ನೇನು ತೊಂದರೆ?' ಎಂದು ಕೇಳುವವರಿಗೆ ಉತ್ತರ ಹೇಳಿ ಮುಂದೆ ಹೋಗುತ್ತೇವೆ. ಕನ್ನಡಕ ಹಾಕಿದರೆ ಹೆಚ್ಚಿನವರಿಗೆ ಅಕ್ಷರ ಸ್ಪಷ್ಟವಾಗುತ್ತದೆ. ಮಷೀನು ಹಾಗಲ್ಲ. ಒಳಗಿವಿಯಲ್ಲಿರುವ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಬಹಳ ಜನರಲ್ಲಿ ಮೊದಲು ಹೋಗುವುದು ಕೀರಲು ಸ್ಥಾಯಿಯ ಸದ್ದುಗಳನ್ನು ಹಿಡಿಯುವ ಕೋಶಗಳು. ಮಾತಿನಲ್ಲಿ ಸ್ವರಗಳಿಗೆ ಬಲ ಹೆಚ್ಚು. ಸ, ಶ, ತ, ಪ, ಕ ಇವೆಲ್ಲ ತೆಳ್ಳಗಿನ ಸದ್ದು, ಕ್ಷಣದಲ್ಲಿ ಹಾರಿ ಹೋಗುವಂಥವು. ಹಾಲು, ಸಾಲು, ಕಾಲು, ಪಾಲು ನಾಲ್ಕೂ ಗದ್ದಲದಲ್ಲಿ ನಮಗೆ 'ಆಲು' ಆಗಿ ಬರುತ್ತವೆ. ಮೊದಲಕ್ಷರವನ್ನು ಸಂದರ್ಭ ನೋಡಿ ನಾವೇ ಕೂಡಿಸಿಕೊಳ್ಳಬೇಕು, ಕೂಡಿಸಿಕೊಳ್ಳುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ಹತ್ತಾರು ದನಿಗಳ ನಡುವೆ ಒಂದನ್ನು ಹೆಕ್ಕಿ ಕೇಳುವ ಶಕ್ತಿಯನ್ನು ಬ್ರಿಟನ್ನಿನ ಕಾಲಿನ್ ಚೆರ್ರಿ 1953ರಲ್ಲಿ ಅಧ್ಯಯನ ಮಾಡಿ ಅದಕ್ಕೆ 'ಕಾಕ್‌ಟೇಲ್ ಪಾರ್ಟಿ ಸಮಸ್ಯೆ' ಎಂದು ಹೆಸರಿಟ್ಟರು. ನಮ್ಮಲ್ಲಿ ಕುಂದಿರುವುದು ಈ ಹೆಕ್ಕುವ ಶಕ್ತಿಯೇ. ಮಷೀನು ಎದುರಿನವರ ಮಾತನ್ನೂ ಹಿಂದಿನ ಮೇಜಿನ ನಗುವನ್ನೂ ಚಮಚದ ಸದ್ದನ್ನೂ ದೊಡ್ಡದು ಮಾಡಿ ಕೊಡುತ್ತದೆ. ಅದರಲ್ಲಿರುವ ಚಿಪ್ ಒಂದಿಷ್ಟು ಸೋಸುತ್ತದೆ, ಪೂರ್ತಿ ಸೋಸಲಾರದು. ಉಳಿದದ್ದು ಕೋಣೆ ಕಟ್ಟಿದವರ, ಅದನ್ನು ನಡೆಸುವವರ, ಎದುರು ಕೂತವರ ಕೈಯಲ್ಲಿದೆ. ಅದಕ್ಕೇ ಈ ಪತ್ರ.

ಹೋಟೆಲ್ ಮಾಲೀಕರು ಮತ್ತು ಆರ್ಕಿಟೆಕ್ಟರ ಮುಂದೆ

1. ಸದ್ದು ಹೀರುವ ಚಾವಣಿ ಬೇಕು.

ಇದು ನಮ್ಮ ಎಲ್ಲಕ್ಕಿಂತ ದೊಡ್ಡ ಬೇಡಿಕೆ. ಇವತ್ತಿನ ಹೋಟೆಲು ಹೇಗಿದೆ ನೋಡಿ: ನೆಲಕ್ಕೆ ವಿಟ್ರಿಫೈಡ್ ಟೈಲು, ಗೋಡೆಗೆ ಆಳೆತ್ತರ ಟೈಲು, ಮುಂಭಾಗಕ್ಕೆ ಗಾಜು, ಮೇಜಿಗೆ ಗ್ರಾನೈಟ್, ತಟ್ಟೆ ಲೋಟ ಸ್ಟೀಲು. ಇವುಗಳಲ್ಲಿ ಸದ್ದು ಹೀರುವಂಥದ್ದು ಒಂದೂ ಇಲ್ಲ. ಬಿದ್ದದ್ದರಲ್ಲಿ ಬಹುಪಾಲನ್ನು ಹಿಂದಕ್ಕೆ ಎಸೆಯುತ್ತವೆ. ಒಂದು ಮಾತಿನ ಬಾಲ ಕೋಣೆಯಲ್ಲಿ ಇನ್ನೂ ಸುತ್ತುತ್ತಿರುವಾಗಲೇ ಮುಂದಿನ ಮಾತು ಬಂದು ಅದರ ಮೇಲೆ ಬೀಳುತ್ತದೆ. ಇನ್ನೊಂದು ಸಂಗತಿಯೂ ಇದೆ. ಸುತ್ತ ಸದ್ದು ಏರಿದರೆ ಮನುಷ್ಯ ತನಗೆ ಅರಿವಿಲ್ಲದೆ ದನಿ ಏರಿಸುತ್ತಾನೆ. ಫ್ರೆಂಚ್ ಕಿವಿ ವೈದ್ಯ ಎಟಿಯೆನ್ ಲೊಂಬಾರ್ಡ್ 1911ರಲ್ಲಿ ಇದನ್ನು ಬರೆದಿಟ್ಟರು. ಒಂದು ಮೇಜಿನವರು ಜೋರಾದರೆ ಪಕ್ಕದವರು ಇನ್ನೂ ಜೋರು, ಅವರಿಂದಾಗಿ ಮೊದಲಿನವರು ಮತ್ತೂ ಜೋರು. ಒಂದು ಮೀಟರ್ ದೂರದಲ್ಲಿ ಕೂತು ಸಹಜವಾಗಿ ಆಡುವ ಮಾತು ಸುಮಾರು 60 ಡೆಸಿಬೆಲ್. ತುಂಬಿದ ಹೋಟೆಲಿನ ಗದ್ದಲ 75 ಮುಟ್ಟುವುದು, 80 ದಾಟುವುದು ಅಪರೂಪವಲ್ಲ.

ಇದಕ್ಕೆ ಪರಿಹಾರ ಗೊತ್ತಾಗಿ ನೂರು ವರ್ಷ ದಾಟಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠವೇ ಕೇಳಿಸದಂಥ ಒಂದು ಉಪನ್ಯಾಸ ಕೊಠಡಿ ಇತ್ತು. 1895ರಲ್ಲಿ ಅದನ್ನು ಸರಿಪಡಿಸುವ ಕೆಲಸ ವ್ಯಾಲೇಸ್ ಸಬೀನ್ ಎಂಬ ಯುವ ಅಧ್ಯಾಪಕರಿಗೆ ಬಿತ್ತು. ಅವರು ಹತ್ತಿರದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ಹೊರಿಸಿ ತಂದು ಕೊಠಡಿಯಲ್ಲಿ ಹಾಸಿ, ಎಷ್ಟು ಮೆತ್ತೆಗೆ ಸದ್ದು ಎಷ್ಟು ಬೇಗ ಸಾಯುತ್ತದೆ ಎಂದು ಅಳೆದರು. ಬೆಳಗಾಗುವುದರೊಳಗೆ ಮೆತ್ತೆಗಳು ಮತ್ತೆ ಸ್ವಸ್ಥಾನ ಸೇರುತ್ತಿದ್ದವು. ಆ ರಾತ್ರಿಗಳಿಂದ ಹುಟ್ಟಿದ ಸೂತ್ರವನ್ನು ಇವತ್ತಿಗೂ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಓದುತ್ತಾರೆ: ಕೋಣೆಯ ಗಾತ್ರ ಅಷ್ಟೇ ಇದ್ದು ಹೀರುವಿಕೆ ಎರಡರಷ್ಟಾದರೆ ಅನುರಣನದ ಹೊತ್ತು, ಅಂದರೆ ಸದ್ದು ಸಾಯಲು ಹಿಡಿಯುವ ಹೊತ್ತು, ಅರ್ಧಕ್ಕೆ ಇಳಿಯುತ್ತದೆ. ಕಾಲೇಜಿನಲ್ಲಿ ಓದಿದ್ದನ್ನು ಹೋಟೆಲಿನ ನಕ್ಷೆಯಲ್ಲೂ ಬರೆಯಿರಿ ಎಂಬುದು ನಮ್ಮ ಒತ್ತಾಯ.

ಮಾಲೀಕರ ಉತ್ತರ ನಮಗೆ ಗೊತ್ತು: ಜಿಡ್ಡು ಹಿಡಿಯುತ್ತದೆ, ತೊಳೆಯಲು ಬರುವುದಿಲ್ಲ, ಆಹಾರ ಇಲಾಖೆಯವರು ಒಪ್ಪುವುದಿಲ್ಲ. ಗೋಡೆ ತೊಳೆಯುವಂತಿರಬೇಕು ಎಂಬುದು ಸರಿಯಾದ ನಿಯಮವೇ, ಅದನ್ನು ಮುರಿಯಿರಿ ಎಂದು ನಾವು ಕೇಳುತ್ತಿಲ್ಲ. ಕೈಗೆಟುಕುವ ಎತ್ತರದವರೆಗೆ ಟೈಲು ಇರಲಿ. ಅದರ ಮೇಲಿನ ಗೋಡೆ ಮತ್ತು ಕೂರುವ ಜಾಗದ ಚಾವಣಿಗೆ ಹೀರುವ ಹಲಗೆ ಹಾಕಿಸಿ. ಒರೆಸಿ ಸ್ವಚ್ಛ ಮಾಡಬಹುದಾದ ಹೊದಿಕೆಯ ಹಲಗೆಗಳು ಸಿಗುತ್ತವೆ. ಹೊಸದಾಗಿ ಕಟ್ಟುವವರು ನಕ್ಷೆಯಲ್ಲೇ ಸೇರಿಸಿದರೆ ಆಮೇಲೆ ಒಡೆದು ಮಾಡುವ ಖರ್ಚು ತಪ್ಪುತ್ತದೆ.

2. ಪ್ರತಿ ಹೋಟೆಲಿನಲ್ಲಿ ನಾಲ್ವರು ಕೂರುವ ಒಂದು ಸದ್ದಿಲ್ಲದ ಮೇಜು.

ನಮ್ಮ ಹಳೆಯ ಹೋಟೆಲುಗಳಲ್ಲಿ 'ಫ್ಯಾಮಿಲಿ ರೂಮ್' ಎಂಬ ಬೋರ್ಡು ಇರುತ್ತಿತ್ತು. ಮರದ ಅಡ್ಡಗೋಡೆ, ಅರೆಬಾಗಿಲು ಇಲ್ಲವೇ ಪರದೆ. ಮಾಡಿದ್ದು ಹೆಂಗಸರು ಮಕ್ಕಳಿಗೆಂದು. ಆದರೆ ಒಳಗೆ ಕೂತವರಿಗೆ ಗಲ್ಲಾಪೆಟ್ಟಿಗೆಯ ಸದ್ದು, ಮಾಣಿಯ ಕೂಗು ಎರಡೂ ದೂರವಾಗುತ್ತಿದ್ದವು. ಪರದೆ ಸದ್ದು ಹೀರುತ್ತಿತ್ತು, ಮರದ ಗೋಡೆ ತಡೆಯುತ್ತಿತ್ತು. ಜಾಗದ ಬೆಲೆ ಏರಿದ ಮೇಲೆ ಆ ಕೋಣೆಗಳು ಹೋದವು. ನಿಂತು ತಿನ್ನುವ ದರ್ಶಿನಿಗಳಲ್ಲಂತೂ ಬೀದಿಯೂ ಹೋಟೆಲೂ ಒಂದೇ ಆಗಿವೆ. ಇಡೀ ಕೋಣೆಯನ್ನು ಮರಳಿ ಕೊಡಿ ಎನ್ನುವುದಿಲ್ಲ, ಒಂದು ಮೂಲೆ ಕೊಡಿ.

ಆ ಮೂಲೆ ಹೇಗಿರಬೇಕು ಎಂಬುದನ್ನೂ ಹೇಳುತ್ತೇವೆ. ಅಡುಗೆಮನೆಯ ಬಾಗಿಲು, ಕೈ ತೊಳೆಯುವ ಜಾಗ, ಏಸಿ, ಎಕ್ಸಾಸ್ಟ್ ಫ್ಯಾನು, ಸ್ಪೀಕರು ಇವುಗಳಿಂದ ದೂರ. ನಮ್ಮ ಮುಖ ಗೋಡೆಯ ಕಡೆ, ಬೆನ್ನು ಜನರ ಕಡೆ, ಬೆನ್ನಿಗೆ ತಲೆಯೆತ್ತರದ ಒರಗು. ಸಭ್ಯತೆಗೆ ಇದು ತಿರುಗುಮುರುಗು ಅನ್ನಿಸಬಹುದು. ಕಾರಣವಿದೆ: ಇವತ್ತಿನ ಬಹಳಷ್ಟು ಮಷೀನುಗಳಲ್ಲಿ ಎರಡೆರಡು ಪುಟ್ಟ ಮೈಕುಗಳಿರುತ್ತವೆ. ಗದ್ದಲದಲ್ಲಿ ಅವು ಮುಂದಿನಿಂದ ಬಂದ ಸದ್ದನ್ನು ಉಳಿಸಿಕೊಂಡು ಹಿಂದಿನದ್ದನ್ನು ತಗ್ಗಿಸಲು ನೋಡುತ್ತವೆ. ಗದ್ದಲ ಬೆನ್ನಿಗಿದ್ದರೇ ಅವಕ್ಕೆ ಕೆಲಸ ಮಾಡಲು ಆಗುವುದು. ಮೇಜು ಚಿಕ್ಕದಿರಲಿ. ಮಾತಾಡುವವರ ದೂರ ಎರಡರಷ್ಟಾದರೆ ಅವರ ಬಾಯಿಂದ ನೇರವಾಗಿ ಬರುವ ದನಿ 6 ಡೆಸಿಬೆಲ್ ಇಳಿಯುತ್ತದೆ. ಹನ್ನೆರಡು ಜನರ ಉದ್ದನೆಯ ಮೇಜಿನ ತುದಿಯಲ್ಲಿ ಕೂರಿಸಿದರೆ ನಮಗೆ ಊಟ ಮಾತ್ರ ಬಡಿಸಿದ ಹಾಗೆ.

ಫೋನಿನಲ್ಲಿ ಕೇಳಿದರೆ ಆ ಮೇಜನ್ನು ಕಾಯ್ದಿರಿಸಬೇಕು. ನಾವು ಬಾರದಿದ್ದಾಗ ಯಾರು ಬೇಕಾದರೂ ಕೂರಲಿ.

3. ತಟ್ಟೆ ಲೋಟ ಎಸೆಯುವುದು ನಿಲ್ಲಲಿ. ಟಬ್ಬಿನ ತಳಕ್ಕೆ ರಬ್ಬರ್ ಹಾಸು, ಕುರ್ಚಿಯ ಕಾಲಿಗೆ ರಬ್ಬರ್ ಬುಶ್ಶು, ಮಿಕ್ಸಿ ಮತ್ತು ಜ್ಯೂಸಿನ ಯಂತ್ರಕ್ಕೆ ಬಾಗಿಲ ಹಿಂದೆ ಜಾಗ. ಸ್ಟೀಲಿನ ಮೇಲೆ ಸ್ಟೀಲು ಬಿದ್ದ ಸದ್ದು ಮಷೀನಿನೊಳಗೆ ಬಂದಾಗ ಏನಾಗುತ್ತದೆಂದು ಹಾಕಿಕೊಂಡವರಿಗಷ್ಟೇ ಗೊತ್ತು. ಮಾತಿನ ಎಳೆ ಅಲ್ಲಿಗೆ ತುಂಡು.

4. ಟಿವಿ ಮತ್ತು ಹಾಡು. ಯಾರೂ ನೋಡದ ಟಿವಿಯ ದನಿ ಮುಚ್ಚಿ. ಹಾಡು ಹಾಕಲೇಬೇಕಿದ್ದರೆ ಕಡಿಮೆ ಇಡಿ, ಸ್ಪೀಕರಿಲ್ಲದ ಒಂದು ಭಾಗ ಬಿಡಿ. 'ಸ್ವಲ್ಪ ತಗ್ಗಿಸಿ' ಎಂದು ಒಬ್ಬ ಗಿರಾಕಿ ಕೇಳಿದರೆ ತಗ್ಗಿಸುವ ಅಧಿಕಾರ ಸಪ್ಲೈಯರನಿಗೇ ಇರಲಿ. 'ಮ್ಯಾನೇಜರನ್ನು ಕೇಳಬೇಕು' ಎಂಬ ಉತ್ತರ ಸಿಗುವಷ್ಟರಲ್ಲಿ ನಮ್ಮ ಕಾಫಿ ಮುಗಿದಿರುತ್ತದೆ.

5. ಕೂಗುವುದೆಲ್ಲ ಕಣ್ಣಿಗೂ ಕಾಣಲಿ. ಟೋಕನ್ ನಂಬರನ್ನು ಬರೀ ಕೂಗಬೇಡಿ, ಬೋರ್ಡಿನ ಮೇಲೆ ತೋರಿಸಿ. ಇವತ್ತಿನ ವಿಶೇಷ ಏನು, ಯಾವುದು ಖಾಲಿ ಎಂಬುದನ್ನು ಹಲಗೆಯಲ್ಲಿ ಬರೆಯಿರಿ. ಸಪ್ಲೈಯರು ಒಂದೇ ಉಸಿರಿಗೆ ಹೇಳುವ ಹದಿನೈದು ತಿಂಡಿಗಳಲ್ಲಿ ನಮಗೆ ಸಿಗುವುದು ಮೊದಲಿನದು ಮತ್ತು ಕೊನೆಯದು. ಗಲ್ಲಾದಲ್ಲಿ ಮೊತ್ತ ತೋರಿಸುವ ಪರದೆಯನ್ನು ಗಿರಾಕಿಯ ಕಡೆ ತಿರುಗಿಸಿಡಿ.

6. ಮುಖದ ಮೇಲೆ ಬೆಳಕು ಬೇಕು. ನಾವು ಅರ್ಧ ಮಾತನ್ನು ಕಣ್ಣಿನಿಂದ ಕೇಳುತ್ತೇವೆ. ತುಟಿ ನೋಡಿ ಎಲ್ಲವೂ ತಿಳಿಯುತ್ತದೆಂದಲ್ಲ: ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚುತ್ತದೆ, ಕ ಮತ್ತು ಗ ಗಂಟಲ ಹತ್ತಿರವೇ ಮುಗಿದುಹೋಗುತ್ತವೆ. ಆದರೂ ಕಿವಿಗೆ ಸಿಕ್ಕ ಅರ್ಧ, ಕಣ್ಣಿಗೆ ಸಿಕ್ಕ ಅರ್ಧ ಸೇರಿದರೆ ಒಂದು ಮಾತಾಗುತ್ತದೆ. ಮಬ್ಬು ದೀಪದ, ಮೇಣದಬತ್ತಿ ಹಚ್ಚಿಡುವ ಹೋಟೆಲುಗಳು ಆ ಎರಡನೆಯ ಅರ್ಧವನ್ನೂ ಕಿತ್ತುಕೊಳ್ಳುತ್ತವೆ.

7. ನಮ್ಮ ಮೇಲೆ ಕಿರುಚಬೇಡಿ. ಕಿರುಚಿದರೆ ಸ್ವರ ದೊಡ್ಡದಾಗುತ್ತದೆ, ವ್ಯಂಜನ ಹಾಗೇ ಉಳಿಯುತ್ತದೆ. ತುಟಿಯ ಆಕಾರವೂ ಕೆಡುತ್ತದೆ. ಸುತ್ತಲಿನ ನಾಲ್ಕು ಮೇಜು ತಿರುಗಿ ನೋಡುತ್ತವೆ. ಎದುರು ಬಂದು, ಮುಖ ಕೊಟ್ಟು, ಒಂಚೂರು ನಿಧಾನವಾಗಿ ಹೇಳಿ. ಆಗಲೂ ತಿಳಿಯದಿದ್ದರೆ ಅದನ್ನೇ ಮತ್ತೆ ಹೇಳದೆ ಬೇರೆ ಮಾತಿನಲ್ಲಿ ಹೇಳಿ, ಇಲ್ಲವೇ ಬರೆದು ತೋರಿಸಿ. ಜೊತೆಗೆ ಬಂದ ಮಗನನ್ನೋ ಸೊಸೆಯನ್ನೋ 'ಇವರಿಗೆ ಏನು ಬೇಕಂತೆ?' ಎಂದು ಕೇಳಬೇಡಿ. ನಮ್ಮ ತಿಂಡಿ ನಾವೇ ಹೇಳುತ್ತೇವೆ.

8. ಕೆಲಸದವರ ಕಿವಿ ಉಳಿಯಲಿ.

ಇದು ನಮಗಾಗಿ ಕೇಳುತ್ತಿರುವುದಲ್ಲ. ನಾವು ಮುಕ್ಕಾಲು ಗಂಟೆ ಕೂತು ಎದ್ದು ಹೋಗುತ್ತೇವೆ. ಸಪ್ಲೈಯರು, ಕ್ಲೀನರು, ಮಿಕ್ಸಿಯ ಮುಂದೆ ನಿಲ್ಲುವ ಹುಡುಗ ಬೆಳಿಗ್ಗೆ ಆರರಿಂದ ಅದೇ ಸದ್ದಿನಲ್ಲಿರುತ್ತಾರೆ. ಸುರಕ್ಷಿತವಾಗಿ ಕೇಳಲು ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹಾಕಿಕೊಟ್ಟಿರುವ ಅಳತೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಸದ್ದು ಏರಿದಷ್ಟೂ ಆ ಗಂಟೆಗಳು ಬೇಗ ಕರಗುತ್ತವೆ. ಲೇತಿನ ಮುಂದೆ ಕಿವಿ ಕಳೆದುಕೊಂಡವರು ನಮ್ಮ ನಡುವೆ ಇರುವುದರಿಂದ ಈ ಬೇಡಿಕೆಯನ್ನು ಪಟ್ಟಿಯಲ್ಲಿ ಸೇರಿಸಲೇಬೇಕೆಂದು ಅವರೇ ಹಟ ಹಿಡಿದರು. ಅಡುಗೆಮನೆ ಮತ್ತು ತಟ್ಟೆ ತೊಳೆಯುವ ಜಾಗದ ಸದ್ದನ್ನು ಅಳೆಸಿ, ಕೆಲಸದವರ ಕಿವಿಯನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಹುದ್ದೆಗಳನ್ನು ದಿನದಲ್ಲಿ ಅದಲುಬದಲು ಮಾಡಿ.

ಆಡಿಯಾಲಜಿಸ್ಟರು ಮತ್ತು ಮಾರಾಟಗಾರರ ಮುಂದೆ

9. ಗದ್ದಲದಲ್ಲಿ ಪರೀಕ್ಷೆ ಮಾಡಿ, ಕನ್ನಡದಲ್ಲಿ ಮಾಡಿ.

ಸದ್ದು ನುಸುಳದ ಪೆಟ್ಟಿಗೆಯೊಳಗೆ ಕೂರಿಸಿ, 'ಬೀಪ್ ಕೇಳಿದಾಗ ಗುಂಡಿ ಒತ್ತಿ' ಎಂದು ಹೇಳಿ, ಗೆರೆ ಎಳೆದ ಕಾಗದ ಕೊಡುತ್ತೀರಿ. ಅದು ಬೇಕು, ಆದರೆ ನಮ್ಮ ಬದುಕು ಆ ಪೆಟ್ಟಿಗೆಯಲ್ಲಿ ನಡೆಯುವುದಿಲ್ಲ. ಒಂದೇ ರೀತಿಯ ಗೆರೆಯಿರುವ ಇಬ್ಬರಲ್ಲಿ ಒಬ್ಬರು ಹೋಟೆಲಿನಲ್ಲಿ ಹೇಗೋ ನಿಭಾಯಿಸುತ್ತಾರೆ, ಇನ್ನೊಬ್ಬರು ಪೂರಾ ಮುಳುಗುತ್ತಾರೆ. ಹಿನ್ನೆಲೆಯಲ್ಲಿ ಹಲವರ ಮಾತು ಹಾಕಿ, ಅದರ ನಡುವೆ ವಾಕ್ಯ ಕೇಳಿಸಿ ಹೇಳಿಸುವ ಪರೀಕ್ಷೆಯಿಂದಲೇ ಈ ವ್ಯತ್ಯಾಸ ತಿಳಿಯುವುದು. ಅಂಥ ಪರೀಕ್ಷೆಗೆ ಬೇಕಾದ ಕನ್ನಡ ವಾಕ್ಯಗಳನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಸಂಶೋಧಕರು ವರ್ಷಗಳ ಹಿಂದೆಯೇ ರೂಪಿಸಿದ್ದಾರೆ. ಮಾನಸಗಂಗೋತ್ರಿಯಲ್ಲಿ ಆದ ಕೆಲಸ ಬೀದಿಬದಿಯ ಕ್ಲಿನಿಕ್ಕಿಗೂ ಬರಬೇಕು. ಮಷೀನು ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ ಈ ಪರೀಕ್ಷೆ ಮಾಡಿ ಫಲಿತಾಂಶ ನಮ್ಮ ಕೈಗೆ ಕೊಡಿ.

10. ಮಾರುವಾಗ ಇರುವ ಸಂಗತಿ ಹೇಳಿ.

ಲಕ್ಷ ರೂಪಾಯಿ ದಾಟುವ ಜೋಡಿಯನ್ನು ತೋರಿಸಿ 'ಇದು ಹಾಕಿದರೆ ಹೋಟೆಲಿನಲ್ಲೂ ಮೊದಲಿನ ಹಾಗೇ ಕೇಳುತ್ತೆ' ಅನ್ನಬೇಡಿ. ನಿವೃತ್ತಿಯ ದುಡ್ಡು, ಅಡವಿಟ್ಟ ಬಳೆಯ ದುಡ್ಡು ನಂಬಿಕೆಯ ಮೇಲೆ ನಿಮ್ಮ ಮೇಜಿಗೆ ಬರುತ್ತದೆ. ಕೊಳ್ಳುವ ಮೊದಲು ಹಾಕಿಕೊಂಡು ಮನೆಗೆ, ಪೇಟೆಗೆ, ಹೋಟೆಲಿಗೆ ಹೋಗಿ ನೋಡಲು ಕೆಲವು ವಾರ ಕೊಡಿ. ಹೋಟೆಲಿಗೆಂದೇ ಬೇರೆ ಪ್ರೋಗ್ರಾಮ್ ಹೊಂದಿಸಿ, ಅದನ್ನು ಬದಲಿಸುವುದು ಹೇಗೆಂದು ನಮ್ಮ ಕೈಯಲ್ಲೇ ಮಾಡಿಸಿ.

ಒಂದು ವಿಷಯ ನಮಗೆ ಬಹಳ ತಡವಾಗಿ ಗೊತ್ತಾಯಿತು. ಗದ್ದಲಕ್ಕೆ ಒದಗುವ ಸಾಧನಗಳಲ್ಲಿ ಮುಖ್ಯವಾದದ್ದು ದೂರ ಮೈಕು: ಮಾತಾಡುವವರ ಶರ್ಟಿಗೆ ಸಿಕ್ಕಿಸಿದರೆ ಅಥವಾ ಮೇಜಿನ ನಡುವೆ ಇಟ್ಟರೆ ಅವರ ದನಿ ತಂತಿಯಿಲ್ಲದೆ ನಮ್ಮ ಕಿವಿಗೆ ಬರುತ್ತದೆ. ಶರ್ಟಿಗೆ ಸಿಕ್ಕಿಸಿದಾಗ ಬಾಯಿಗೂ ಮೈಕಿಗೂ ಒಂದು ಗೇಣಷ್ಟೇ ಅಂತರವಾದ್ದರಿಂದ ನಡುವಿನ ಗದ್ದಲ ಹಿಂದೆ ಬೀಳುತ್ತದೆ. ಮಷೀನಿಗಿಂತ ಇದು ಹೋಟೆಲಿನಲ್ಲಿ ಹೆಚ್ಚು ನೆರವಾಗುವುದನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಮಾರುವ ದಿನವೇ ಇದನ್ನು ತೋರಿಸಬೇಕು. ಹಾಗೆಯೇ ಟೆಲಿಕಾಯಿಲ್, ಅಂದರೆ ಫೋನಿನ ದನಿಯನ್ನು ನೇರವಾಗಿ ಮಷೀನಿಗೆ ತರುವ ಪುಟ್ಟ ತಂತಿಸುರುಳಿ. ಚಿಕ್ಕ ಮಾದರಿ ಮಾಡುವ ಭರದಲ್ಲಿ ಕಂಪನಿಗಳು ಅದನ್ನು ಕೈಬಿಡುತ್ತಿವೆ. ಅದು ಇದೆಯೋ ಇಲ್ಲವೋ, ಇದ್ದರೆ ಎಲ್ಲಿ ಉಪಯೋಗ ಎಂಬುದನ್ನು ಬಿಲ್ಲು ಹಾಕುವ ಮೊದಲು ಹೇಳಿ.

ಸರ್ಕಾರದ ಮುಂದೆ

11. 60 ಡೆಸಿಬೆಲ್ಲಿನ ಗೆರೆಯ ಆಚೆಗೂ ನೋಡಿ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪ್ರಕಾರ, ಎರಡೂ ಕಿವಿಯಲ್ಲಿ ಮಾತಿನ ಸ್ಥಾಯಿಗಳಲ್ಲಿ 60ರಿಂದ 70 ಡೆಸಿಬೆಲ್ ನಷ್ಟವಿದ್ದವರು ಮಂದ ಶ್ರವಣದವರು. ಅದಕ್ಕೂ ಮೇಲಿನವರು ಕಾಯ್ದೆಯ ಮಾತಿನಲ್ಲಿ 'ಡೆಫ್'. 50 ಡೆಸಿಬೆಲ್ ಕಳೆದುಕೊಂಡವರು ಈ ಲೆಕ್ಕದಲ್ಲಿ ಯಾರೂ ಅಲ್ಲ. ಆದರೆ ತುಂಬಿದ ಹೋಟೆಲಿನಲ್ಲಿ ಅವರಿಗೂ ಮಾತು ಸಿಗುವುದಿಲ್ಲ. ಮಾಸಾಶನಕ್ಕೆ, ಮೀಸಲಾತಿಗೆ ಗೆರೆ ಬೇಕು, ಅದನ್ನು ನಾವು ಒಪ್ಪುತ್ತೇವೆ. ಸದ್ದು ತಗ್ಗಿಸುವುದಕ್ಕೆ, ಬೋರ್ಡು ಹಾಕುವುದಕ್ಕೆ ಯಾರ ಸರ್ಟಿಫಿಕೇಟೂ ಬೇಕಾಗಬಾರದು.

12. ಖಾಸಗಿಯವರೂ ಎಲ್ಲರಿಗೂ ನಿಲುಕುವಂತೆ ಸೇವೆ ಕೊಡಬೇಕು ಎಂದು ಅದೇ ಕಾಯ್ದೆಯ 46ನೇ ಕಲಂ ಹೇಳುತ್ತದೆ. ಮಾನದಂಡಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾದವು ಇರಲೇಬೇಕು ಎಂದು ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿದೆ. ನಿಲುಕುವಿಕೆ ಅಂದರೆ ಇಳಿಜಾರು ದಾರಿ, ಲಿಫ್ಟು ಎಂದಷ್ಟೇ ಇಲಾಖೆಗಳು ತಿಳಿದುಕೊಂಡಂತಿದೆ. ಗಾಲಿಕುರ್ಚಿಯವರಿಗೆ ದಾರಿ ಬೇಕೇ ಬೇಕು. ಅದರ ಜೊತೆಗೆ ಹೋಟೆಲುಗಳ ಕೂರುವ ಜಾಗಕ್ಕೆ ಅನುರಣನದ ಮಿತಿ, ಒಂದು ಸದ್ದಿಲ್ಲದ ಮೇಜು, ಟೋಕನ್ ಬೋರ್ಡು ಇವನ್ನು ಟ್ರೇಡ್ ಲೈಸೆನ್ಸಿನ ಷರತ್ತಾಗಿ ಸೇರಿಸಿ. 2000ದ ಶಬ್ದಮಾಲಿನ್ಯ ನಿಯಮಗಳು ವಾಣಿಜ್ಯ ಪ್ರದೇಶಕ್ಕೆ ಹಗಲು 65, ರಾತ್ರಿ 55 ಡೆಸಿಬೆಲ್ ಎಂದು ಮಿತಿ ಹಾಕಿವೆ. ಆ ಮಿತಿ ಪ್ರದೇಶಕ್ಕೆ. ನಾಲ್ಕು ಗೋಡೆಯ ಒಳಗೆ ಕೂತು ಉಣ್ಣುವವರ ಸುತ್ತ ಎಷ್ಟಿದೆ ಎಂದು ಅಳೆಯಲು ಯಾರೂ ಬರುವುದಿಲ್ಲ. ಸಣ್ಣ ಹೋಟೆಲಿನವರ ಮೇಲೆ ದಂಡ ಹೇರಿ ಎಂದು ನಾವು ಹೇಳುತ್ತಿಲ್ಲ. ಹೀರುವ ಚಾವಣಿ ಹಾಕಿಸಿದವರಿಗೆ ಲೈಸೆನ್ಸ್ ಶುಲ್ಕದಲ್ಲಿ ರಿಯಾಯಿತಿ ಕೊಡಿ. ಸರ್ಕಾರದ್ದೇ ಕ್ಯಾಂಟೀನುಗಳಿಂದ, ವಿಧಾನಸೌಧ, ವಿಕಾಸಸೌಧಗಳ ಊಟದ ಕೋಣೆಯಿಂದ ಶುರುಮಾಡಿ.

ಮನೆಯವರ, ಗೆಳೆಯರ ಮುಂದೆ

13. 'ಏನಿಲ್ಲ ಬಿಡಿ' ಅನ್ನಬೇಡಿ.

ಮೇಜಿನ ಸುತ್ತ ಎಲ್ಲರೂ ನಕ್ಕಾಗ 'ಏನಂದ?' ಎಂದು ಕೇಳುತ್ತೇವೆ. 'ಏನಿಲ್ಲ ಬಿಡಿ, ಆಮೇಲೆ ಹೇಳ್ತೀನಿ' ಅನ್ನುತ್ತೀರಿ. ಆ ಆಮೇಲೆ ಬರುವುದೇ ಇಲ್ಲ. ಎರಡು ಸಲ ಹೀಗಾದರೆ ಮೂರನೆಯ ಸಲ ನಾವು ಕೇಳುವುದಿಲ್ಲ, ಸುಮ್ಮನೆ ನಗುತ್ತೇವೆ. ಆಮೇಲೆ ಹೊರಗೆ ಊಟಕ್ಕೆ ಕರೆದರೆ ಮಂಡಿನೋವು ಅನ್ನುತ್ತೇವೆ. ನಮ್ಮಲ್ಲಿ ಎಷ್ಟೋ ಜನ ಮದುವೆ ಮನೆಗೆ, ಹುಟ್ಟುಹಬ್ಬದ ಊಟಕ್ಕೆ ಹೋಗುವುದನ್ನು ನಿಲ್ಲಿಸಿದ್ದು ಮಂಡಿನೋವಿನಿಂದಲ್ಲ. ಎರಡು ಸೆಕೆಂಡಿನ ಮಾತು, ದಯಮಾಡಿ ತಿರುಗಿ ಹೇಳಿ. ವಿಷಯ ಬದಲಾದಾಗ 'ಈಗ ಊರಿನ ತೋಟದ ವಿಷಯ' ಎಂದು ಒಂದು ಮಾತು ಹೇಳಿದರೂ ಸಾಕು, ಉಳಿದದ್ದನ್ನು ಹಿಡಿಯುತ್ತೇವೆ. ಒಬ್ಬರಾದ ಮೇಲೆ ಒಬ್ಬರು ಮಾತಾಡಿ. ಬಾಯಿಗೆ ಕೈ ಅಡ್ಡ ಬೇಡ. ನಮಗೆ ಯಾವ ಕಿವಿ ಮೇಲೋ ಆ ಕಡೆ ಕೂರಿ. ಸಂಜೆಯ ಹೊತ್ತಿಗೆ ಕೇಳಿ ಕೇಳಿ ತಲೆ ದಣಿದಿರುತ್ತದೆ. ಆಗ ಮಷೀನು ತೆಗೆದಿಟ್ಟರೆ ಅದು ಕೋಪವಲ್ಲ.

14. ಕಿವುಡ, ಕೆಪ್ಪ ಎಂದು ಕೂಗಿ ಕರೆಯುವುದು ನಿಲ್ಲಲಿ, ಹೋಟೆಲಿನಲ್ಲೂ ಮನೆಯಲ್ಲೂ. ನಮಗೆ ಹೆಸರಿದೆ.

15. ಶುರುಮಾಡಲು ಒಂದು ದಿನ.

ಮಾರ್ಚ್ 3 ವಿಶ್ವ ಶ್ರವಣ ದಿನ. ಮೇಲಿನ ಎಲ್ಲವೂ ಒಂದೇ ದಿನ ಆಗುವುದಿಲ್ಲ, ಚಾವಣಿಗೆ ದುಡ್ಡು ಬೇಕು, ನಿಯಮಕ್ಕೆ ಸಮಯ ಬೇಕು. ಆದರೆ ಎರಡನೆಯ ಮತ್ತು ನಾಲ್ಕನೆಯ ಬೇಡಿಕೆಗೆ ಎರಡೂ ಬೇಡ. ಮುಂದಿನ ಮಾರ್ಚ್ 3ರಿಂದ, ಊಟದ ಹೊತ್ತು ಮುಗಿದು ಸಂಜೆಯ ತಿಂಡಿ ಶುರುವಾಗುವವರೆಗಿನ ಬಿಡುವಿನಲ್ಲಿ, ಮೂರರಿಂದ ಐದು ಗಂಟೆಯವರೆಗೆ ಪ್ರತಿ ಹೋಟೆಲೂ ಟಿವಿ, ಹಾಡು ನಿಲ್ಲಿಸಿ ಒಂದು ಮೂಲೆಯ ಮೇಜು ಬಿಟ್ಟುಕೊಡಲಿ. ನಾವು ಬರುತ್ತೇವೆ, ದುಡ್ಡು ಕೊಟ್ಟು ತಿಂಡಿ ತಿನ್ನುತ್ತೇವೆ, ಸದ್ದು ಎಷ್ಟಿತ್ತು ಎಂದು ಅಳೆದು ಬರೆದು ನಿಮಗೇ ಕೊಟ್ಟು ಹೋಗುತ್ತೇವೆ.

ನಾನು ಆ ದಿನ ಬರುವುದು ನನ್ನ ಹಳೆಯ ಸಹೋದ್ಯೋಗಿಯ ಜೊತೆ. ಚಿಕಿತ್ಸೆ ಮುಗಿಸಿ ಮನೆಗೆ ಬಂದಿರುವ ಅವರ ಹೆಂಡತಿಯೂ ಬರುತ್ತೇನೆ ಅಂದಿದ್ದಾರೆ. ನಮಗೆ ಮೂವರಿಗೆ ಜಾಗ ಬೇಕು.

ಇಂತಿ,
ಕಿವಿಗೆ ಮಷೀನು ಹಾಕಿಕೊಂಡವರು